ಹಲ್ಲು ಕಿತ್ತ ಜಾಗ: ಒಂದು ದವಡೆ ಹಲ್ಲಿನ ಇತಿಹಾಸ

ನಮ್ಮವ್ವ 13 ವರ್ಷದಿಂದ ಎಡಗಡೆಯ ಹಲ್ಲಿನಿಂದಷ್ಟೇ ಊಟ ಮಾಡುತ್ತಾಳೆ. ಬಲಗಡೆ ಕೆಳದವಡೆಯ ದೊಡ್ಡ ಹಲ್ಲೊಂದು ಇಲ್ಲ. ಬಿಸಿ ರೊಟ್ಟಿಗೆ ತೊಂದರೆಯಿಲ್ಲ. ಕಟಕ ರೊಟ್ಟಿಯಾದರೆ ಮುರಿದು ಪಲ್ಯದ ರಸದಲ್ಲಿ ನೆನೆಹಾಕುತ್ತಾಳೆ. ಹುರಿದ ಶೇಂಗಾ ಬಿಟ್ಟು ಎಷ್ಟೋ ವರ್ಷವಾಯಿತು.

ಹಲ್ಲು ಕಿತ್ತ ದಿನ ನನಗೆ ನೆನಪಿದೆ. ಯಲಬುರ್ಗಾ ತಾಲ್ಲೂಕಿನ ನಮ್ಮೂರಿಂದ ಬಸ್ಸು ಹಿಡಿದು ಪೇಟೆಯ ಒಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಸೂಜಿ ಚುಚ್ಚಿದರು, ಕಿತ್ತರು, ಹತ್ತಿ ಕಚ್ಚಿಕೊಳ್ಳಲು ಹೇಳಿದರು, ಮೂರು ದಿನದ ಗುಳಿಗೆ ಬರೆದರು. ಹೊರಗೆ ಬಂದ ಅವ್ವ ಹತ್ತಿ ಕಚ್ಚಿಕೊಂಡೇ, "ನೋವ್ ಹೋತಲ್ಲ, ಸಾಕ್ ಬಿಡು" ಎಂದಳು. ಆ ಖಾಲಿ ಜಾಗ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ದಿನಕ್ಕೆ ಹತ್ತು ಜನರಿಗೆ ಪ್ರಶ್ನೆ ಕೇಳುತ್ತಿದ್ದ ನಾನೂ ಕೇಳಲಿಲ್ಲ.

ಹೋದ ವರ್ಷ ಇನ್ನೊಂದು ಊರಿನ ದಂತವೈದ್ಯರ ಹತ್ತಿರ ಹೋದಾಗ ಅವರು ಎಕ್ಸ್‌ರೇ ತೋರಿಸಿ ಹೇಳಿದರು: "ಇಲ್ಲಿ ಎಲುಬು ಸವೆದುಹೋಗಿದೆ. ಇಂಪ್ಲಾಂಟ್ ಕೂರಿಸಬೇಕೆಂದರೆ ಮೊದಲು ಎಲುಬು ಬೆಳೆಸಬೇಕು. ಕಿತ್ತ ದಿನವೇ ವಿಚಾರ ಮಾಡಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ." ಅವರು ಹೇಳಿದ ಖರ್ಚು ನನ್ನ ಎರಡು ತಿಂಗಳ ಗೌರವಧನಕ್ಕಿಂತ ಹೆಚ್ಚಿತ್ತು. ಆದರೆ ನನ್ನನ್ನು ಕಾಡಿದ್ದು ದುಡ್ಡಲ್ಲ, "ಕಿತ್ತ ದಿನವೇ" ಎಂಬ ಮಾತು. ಹಲ್ಲು ಕಿತ್ತ ದಿನಕ್ಕೆ ಅಷ್ಟೊಂದು ಮಹತ್ವ ಯಾವಾಗ ಬಂತು? ಅದು ನಮ್ಮ ಕಡೆಯವರಿಗೆ ಯಾಕೆ ತಿಳಿಯಲಿಲ್ಲ? ಅಂದಿನಿಂದ ಓದಿದ್ದನ್ನು, ಕೇಳಿದ್ದನ್ನು ಇಲ್ಲಿ ಇಟ್ಟಿದ್ದೇನೆ.

ಹುಳದ ಕಾಲ

ನಮ್ಮ ಕಡೆ ಹಿರಿಯರನ್ನು ಕೇಳಿದರೆ ಹಲ್ಲುನೋವಿನ ಕತೆ ಹುಳದಿಂದಲೇ ಶುರುವಾಗುತ್ತದೆ. ಹಲ್ಲಿನೊಳಗೆ ಹುಳ ಕೂತಿದೆ, ಅದಕ್ಕೇ ನೋವು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಅದರ ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಿಡಿದರೆ ಹುಳ ಉದುರುತ್ತದೆ ಎಂದು ನಂಬಿದ್ದರು. ಲವಂಗದೆಣ್ಣೆ, ತಂಬಾಕಿನ ಪುಡಿ, ಉಪ್ಪು ನೀರು, ಇವೆಲ್ಲ ಮುಗಿದ ಮೇಲೆ ಇಕ್ಕಳ.

ಇದನ್ನು ನಮ್ಮ ಹಳ್ಳಿಯ ಅಜ್ಞಾನ ಎಂದು ನಗಬೇಕಿಲ್ಲ. ಹಲ್ಲಿನ ಹುಳದ ನಂಬಿಕೆ ಬ್ಯಾಬಿಲೋನಿಯಾದ ಮಣ್ಣಿನ ಹಲಗೆಗಳಲ್ಲಿಯೂ ಇದೆ. ಸುಶ್ರುತ ಸಂಹಿತೆ ಹುಳುಕು ಹಲ್ಲನ್ನು ಕೃಮಿದಂತ ಎಂದೇ ಕರೆಯುತ್ತದೆ. ಯುರೋಪಿನಲ್ಲಿ ಈ ಹುಳವನ್ನು ಗಟ್ಟಿಯಾಗಿ ಅಲ್ಲಗಳೆದವರಲ್ಲಿ ಫ್ರಾನ್ಸಿನ ಪಿಯರ್ ಫೋಷಾರ್ ಮುಖ್ಯ. ಆಧುನಿಕ ದಂತವೈದ್ಯಕ್ಕೆ ತಳಪಾಯ ಎನ್ನುವ ಅವನ ಪುಸ್ತಕ ಬಂದದ್ದು 1728ರಲ್ಲಿ. ಅಲ್ಲಿಯವರೆಗೆ ಲಂಡನ್, ಪ್ಯಾರಿಸ್ ಜನರೂ ನಮ್ಮ ಅಜ್ಜಂದಿರೂ ಈ ವಿಷಯದಲ್ಲಿ ಒಂದೇ.

ಹುಳದ ಕಾಲದ ಒಂದು ಗುಣ ಗಮನಿಸಬೇಕು. ಎಲ್ಲ ಚಿಂತೆಯೂ ನೋವಿನದು. ನೋವು ಹೋದರೆ ಕೆಲಸ ಮುಗಿಯಿತು. ಹಲ್ಲು ಹೋದ ಮೇಲಿನ ಜಾಗ ಯಾರ ಲೆಕ್ಕದಲ್ಲೂ ಇರಲಿಲ್ಲ. "ಸಾಕ್ ಬಿಡು" ಎಂದ ನಮ್ಮವ್ವ ಆ ಕಾಲದ ಕೊನೆಯ ತಲೆಮಾರಿನವಳು.

ಬಡವನ ಹಲ್ಲು, ಸಾಹುಕಾರನ ದವಡೆ

ಕಿತ್ತ ಗುಂಡಿಯಲ್ಲಿ ಅದೇ ಗಳಿಗೆಯಲ್ಲಿ ಇನ್ನೊಂದನ್ನು ಕೂರಿಸುವ ಆಸೆ ಹೊಸದೇನಲ್ಲ. ಅದರ ಹಳೆಯ ಅಧ್ಯಾಯವೊಂದು ಓದಲು ಕಷ್ಟವಾಗುವಂಥದ್ದು.

18ನೇ ಶತಮಾನದ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯನಿದ್ದ. ಮನುಷ್ಯರ ಹಲ್ಲುಗಳ ಬಗ್ಗೆ 1771ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ. ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಅದು ಅಂಟಿಕೊಳ್ಳುತ್ತದೆಯೇ ಎಂದು ನೋಡಿದವನು ಅವನು. ಒಬ್ಬರ ಹಲ್ಲನ್ನು ಕಿತ್ತು, ಬಿಸಿ ಆರುವ ಮೊದಲೇ ಇನ್ನೊಬ್ಬರ ಹೊಸ ಗುಂಡಿಯಲ್ಲಿ ಕೂರಿಸಬಹುದು ಎಂದು ಅವನು ಬರೆದ ಮೇಲೆ ಅದು ಶ್ರೀಮಂತರ ನಡುವೆ ಖಯಾಲಿಯೇ ಆಯಿತು. ಹಲ್ಲು ಕೊಡುವವರು ಯಾರು? ಕಾಸಿಗಾಗಿ ಬಂದ ಬಡ ಹುಡುಗರು, ಹುಡುಗಿಯರು. 1787ರಲ್ಲಿ ಥಾಮಸ್ ರೋಲ್ಯಾಂಡ್ಸನ್ ಬರೆದ ಒಂದು ವ್ಯಂಗ್ಯಚಿತ್ರದಲ್ಲಿ ಹೊಗೆಗೊಳವೆ ಗುಡಿಸುವ ಹುಡುಗನ ಹಲ್ಲು ಕೀಳುತ್ತಿದ್ದಾರೆ, ಪಕ್ಕದಲ್ಲಿ ರೇಷ್ಮೆ ಬಟ್ಟೆಯ ಹೆಂಗಸು ತನ್ನ ಸರದಿಗೆ ಕಾದಿದ್ದಾಳೆ.

ಆ ಹಲ್ಲುಗಳು ಬಹುಕಾಲ ನಿಲ್ಲಲಿಲ್ಲ. ಜೊತೆಗೆ ಸಿಫಿಲಿಸ್‌ನಂಥ ರೋಗಗಳು ಹರಡಿದ ಆರೋಪ ಬಂತು. ನಿಧಾನವಾಗಿ ಆ ಪದ್ಧತಿ ಬಿದ್ದುಹೋಯಿತು. ಆದರೆ "ಗುಂಡಿ ಹಸಿ ಇರುವಾಗಲೇ ತುಂಬು" ಎಂಬ ವಿಚಾರ ಉಳಿಯಿತು. 1809ರಲ್ಲಿ ಮಜಿಯೊಲೊ ಎಂಬಾತ ಚಿನ್ನದ ಬೇರು ಮಾಡಿ ಆಗಷ್ಟೇ ಕಿತ್ತ ಜಾಗದಲ್ಲಿ ಇಟ್ಟ. ಒಸಡು ಬಾತಿತು. ನಂತರ ಪ್ಲಾಟಿನಂ ಬಂತು, ಪಿಂಗಾಣಿ ಬಂತು. 1913ರಲ್ಲಿ ಅಮೆರಿಕದ ಗ್ರೀನ್‌ಫೀಲ್ಡ್ ಇರಿಡಿಯಂ-ಪ್ಲಾಟಿನಂ ತಂತಿಯ ಬುಟ್ಟಿಯಂಥದ್ದನ್ನು ಎಲುಬಿನಲ್ಲಿ ಕೂರಿಸಿದ. 1930ರ ದಶಕದ ಕೊನೆಗೆ ಬಾಸ್ಟನ್ನಿನ ಸ್ಟ್ರಾಕ್ ಸಹೋದರರು ವಿಟಾಲಿಯಂ ಎಂಬ ಮಿಶ್ರಲೋಹದ ಸ್ಕ್ರೂ ಬಳಸಿದರು. ಕೆಲವು ನಿಂತವು, ಬಹಳಷ್ಟು ಸಡಿಲಾದವು. ಎಲುಬು ಪರಕೀಯ ವಸ್ತುವನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಅದರ ಸುತ್ತ ಮೆತ್ತನೆಯ ಪೊರೆ ಕಟ್ಟಿ ಹೊರಗೆ ದೂಡುತ್ತಿತ್ತು.

ಮೊಲದ ಕಾಲಿನ ಟೈಟಾನಿಯಂ

ಒಪ್ಪಿಕೊಳ್ಳುವ ಲೋಹ ಸಿಕ್ಕಿದ್ದು ಹಲ್ಲಿನ ದವಾಖಾನೆಯಲ್ಲಿ ಅಲ್ಲ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವರ್ ಬ್ರೋನೆಮಾರ್ಕ್ ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಮೊಲದ ಕಾಲಿನ ಎಲುಬಿನಲ್ಲಿ ಟೈಟಾನಿಯಂನ ಸಣ್ಣ ಉಪಕರಣ ಕೂರಿಸಿದ. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಎಲುಬು ಲೋಹವನ್ನು ಹಿಡಿದುಕೊಂಡಿತ್ತು. ಅವನಿಗೆ ಆ ಹಿಡಿತವೇ ಹೊಸ ಪ್ರಶ್ನೆಯಾಯಿತು.

1965ರಲ್ಲಿ ಗೊತೆನ್‌ಬರ್ಗ್ ನಗರದಲ್ಲಿ ಗೋಸ್ತಾ ಲಾರ್ಸನ್ ಎಂಬ ವ್ಯಕ್ತಿಯ ಕೆಳದವಡೆಯಲ್ಲಿ ನಾಲ್ಕು ಟೈಟಾನಿಯಂ ಇಂಪ್ಲಾಂಟ್ ಕೂರಿಸಿದರು. ಹುಟ್ಟಿನಿಂದಲೇ ದವಡೆಯ ತೊಂದರೆಯಿದ್ದ ಮನುಷ್ಯ. 2006ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 40 ವರ್ಷ, ಅವು ಅವನ ಬಾಯಲ್ಲಿದ್ದವು. ಆದರೂ ದಂತವೈದ್ಯ ಲೋಕ ಸುಲಭಕ್ಕೆ ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರವೇ ಅಮೆರಿಕ ಖಂಡದಲ್ಲಿ ಇದಕ್ಕೆ ದಾರಿ ತೆರೆಯಿತು.

ಬ್ರೋನೆಮಾರ್ಕನ ನಿಯಮ ಕಟ್ಟುನಿಟ್ಟಾಗಿತ್ತು. ಹಲ್ಲು ಕಿತ್ತ ಮೇಲೆ ತಿಂಗಳುಗಟ್ಟಲೆ ಕಾಯಬೇಕು. ಗುಂಡಿ ಪೂರ್ತಿ ತುಂಬಿ ಎಲುಬಾಗಬೇಕು. ಆಮೇಲೆ ಇಂಪ್ಲಾಂಟ್ ಕೂರಿಸಿ, ಮೇಲೆ ಒಸಡು ಹೊಲಿದು ಮುಚ್ಚಬೇಕು. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಮುಟ್ಟಬಾರದು. ಆಮೇಲೆ ಹಲ್ಲು. ಎಲ್ಲ ಸೇರಿ ಒಂದು ವರ್ಷ ಮೀರುತ್ತಿತ್ತು. ಬಿತ್ತಿದ ಮೇಲೆ ಕೆದಕಬಾರದು ಎಂದು ನಮ್ಮ ರೈತರು ಹೇಳುವ ಹಾಗೆ.

ಕಾಯುವುದನ್ನು ಕಡಿಮೆ ಮಾಡಿದವರು

ಬೇರೆ ಕೆಲವರು ಕಾಯದೆ ಇರುವ ದಾರಿ ಹುಡುಕುತ್ತಲೇ ಇದ್ದರು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿಲ್ಲಿ ಶುಲ್ಟೆ 1970ರ ದಶಕದಲ್ಲಿ, ಹಲ್ಲಿನ ಬೇರಿನ ಹಾಗೆ ಕೆಳಗೆ ಕಿರಿದಾಗುತ್ತ ಹೋಗುವ ಇಂಪ್ಲಾಂಟ್ ಒಂದನ್ನು ಮಾಡಿದರು. ಉದ್ದೇಶ ಒಂದೇ: ಕಿತ್ತ ಕೂಡಲೇ ಅದೇ ಗುಂಡಿಯಲ್ಲಿ ಕೂರಬೇಕು. ಅದು ಅಲ್ಯುಮಿನಿಯಂ ಆಕ್ಸೈಡ್ ಪಿಂಗಾಣಿಯದ್ದು, ಕೆಲವು ಮುರಿದವು. ಮುಂದೆ ಅದೇ ಆಕಾರ ಟೈಟಾನಿಯಂಗೆ ಬಂತು. 1989ರಲ್ಲಿ ಅಮೆರಿಕದ ರಿಚರ್ಡ್ ಲಜ್ಜಾರಾ, ಕಿತ್ತ ಗುಂಡಿಯಲ್ಲಿ ಇಂಪ್ಲಾಂಟ್ ಇಟ್ಟು ಸುತ್ತಲ ಸಂದಿನ ಮೇಲೆ ತೆಳುವಾದ ಪರದೆ ಮುಚ್ಚಿ ಎಲುಬು ಬೆಳೆಯಲು ಬಿಟ್ಟ ಪ್ರಕರಣಗಳನ್ನು ಪ್ರಕಟಿಸಿದರು. ಹಂಟರನ ಕಾಲದ ಆಸೆಗೆ ಆಧುನಿಕ ವಿಧಾನ ಸಿಕ್ಕಿತು.

2004ರ ಹೊತ್ತಿಗೆ ಅಂತರರಾಷ್ಟ್ರೀಯ ತಜ್ಞರು ಕೂತು ಕಾಲವನ್ನು ನಾಲ್ಕಾಗಿ ಹಂಚಿದರು. ಕಿತ್ತ ದಿನವೇ ಕೂರಿಸುವುದು ಮೊದಲನೆಯದು. 4ರಿಂದ 8 ವಾರ ಬಿಟ್ಟು, ಒಸಡು ಮಾಯ್ದ ಮೇಲೆ ಎರಡನೆಯದು. 12ರಿಂದ 16 ವಾರ ಬಿಟ್ಟು, ಸ್ವಲ್ಪ ಎಲುಬು ಕೂಡಿದ ಮೇಲೆ ಮೂರನೆಯದು. ಅದಕ್ಕಿಂತ ತಡವಾಗಿ, ಎಲುಬು ಪೂರ್ತಿ ಮಾಯ್ದ ಮೇಲೆ ನಾಲ್ಕನೆಯದು. ನಮ್ಮವ್ವನಂತೆ 13 ವರ್ಷ ಬಿಟ್ಟು ಬಂದವರೂ ಈ ಪಟ್ಟಿಯಲ್ಲಿ ನಾಲ್ಕನೆಯದಕ್ಕೇ ಸೇರುತ್ತಾರೆ.

ದವಡೆ ಹಲ್ಲು ಯಾಕೆ ಕೊನೆಗೆ ಬಂತು

ಮೊದಲೆಲ್ಲ ಈ ತಕ್ಷಣದ ವಿಧಾನ ಮುಂದಿನ ಹಲ್ಲುಗಳಿಗೆ ಮಾತ್ರ ಎಂದು ನಡೆಯಿತು. ಮುಂದಿನ ಹಲ್ಲಿಗೆ ಒಂದೇ ಬೇರು, ಗುಂಡಿಯೂ ಒಂದು. ದವಡೆ ಹಲ್ಲಿನ ಮಾತು ಬೇರೆ. ಕೆಳದವಡೆಯದಕ್ಕೆ ಸಾಮಾನ್ಯವಾಗಿ ಎರಡು ಬೇರು, ಮೇಲ್ದವಡೆಯದಕ್ಕೆ ಮೂರು. ಹಲ್ಲಿನ ಅಗಲ 10–11 ಮಿಲಿಮೀಟರ್, ಇಂಪ್ಲಾಂಟ್ ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್. ದೊಡ್ಡ ಗುಂಡಿಯಲ್ಲಿ ಸಣ್ಣ ಗೂಟ ನೆಟ್ಟ ಹಾಗೆ. ಅಲುಗಿದರೆ ಎಲುಬು ಹಿಡಿಯುವುದಿಲ್ಲ.

ಅಪಾಯಗಳೂ ಇವೆ. ಕೆಳಗೆ ತುಟಿ, ಗದ್ದಕ್ಕೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತಾಗುತ್ತದೆ, ಕೆಲವರಿಗೆ ಅದು ಹೋಗುವುದೇ ಇಲ್ಲ. ಮೇಲಿನ ದವಡೆ ಹಲ್ಲಿನ ನೆತ್ತಿಯ ಮೇಲೆ ಸೈನಸ್ ಎಂಬ ಗಾಳಿಯ ಕೋಣೆ ಇದೆ. ಇನ್ನು ಅಗಿಯುವ ಪೂರ್ತಿ ಭಾರ ಬೀಳುವುದು ಈ ಹಲ್ಲುಗಳ ಮೇಲೆಯೇ.

ದಾರಿ ಸಿಕ್ಕಿದ್ದು ಬೇರುಗಳ ನಡುವೆ. ಎರಡು ಹೊಲಗಳ ನಡುವೆ ಬದು ಇರುವಂತೆ, ಎರಡು ಬೇರಿನ ಗುಂಡಿಗಳ ನಡುವೆ ಎಲುಬಿನ ಒಂದು ಬದು ಇರುತ್ತದೆ. ಹಲ್ಲನ್ನು ಇಡಿಯಾಗಿ ಎಳೆದರೆ ಆ ಬದು ಮುರಿಯುತ್ತದೆ. ಅದಕ್ಕೆ ಹಲ್ಲನ್ನು ಮೊದಲು ಎರಡು ಅಥವಾ ಮೂರು ತುಂಡು ಮಾಡಿ, ಒಂದೊಂದು ಬೇರನ್ನು ಬೇರೆ ಬೇರೆಯಾಗಿ, ಮೆಲ್ಲಗೆ ತೆಗೆಯುತ್ತಾರೆ. ಉಳಿದ ಬದುವಿನಲ್ಲಿ ರಂಧ್ರ ಕೊರೆದು ಇಂಪ್ಲಾಂಟ್ ತಿರುಗಿಸುತ್ತಾರೆ. ಸುತ್ತ ಉಳಿದ ಸಂದಿಗೆ ಎಲುಬಿನ ಪುಡಿ ತುಂಬುತ್ತಾರೆ. 2013ರಲ್ಲಿ ಸ್ಮಿತ್ ಮತ್ತು ಟಾರ್ನೊ ಎಂಬ ಇಬ್ಬರು ತಜ್ಞರು ದವಡೆ ಹಲ್ಲಿನ ಗುಂಡಿಗಳನ್ನು ಮೂರು ಬಗೆ ಮಾಡಿದರು: ಬದು ಇಂಪ್ಲಾಂಟನ್ನು ಪೂರ್ತಿ ಸುತ್ತುವರಿಯುವಷ್ಟು ದಪ್ಪ ಇರುವುದು, ಭಾಗಶಃ ಹಿಡಿಯುವುದು, ಬದುವೇ ಇಲ್ಲದಿರುವುದು. ಮೊದಲನೆಯದು ಸುಲಭ. ಮೂರನೆಯದರಲ್ಲಿ ಗುಂಡಿಯ ಹೊರಗೋಡೆಗಳನ್ನೇ ಹಿಡಿಯುವಷ್ಟು ದಪ್ಪ ಇಂಪ್ಲಾಂಟ್ ಬೇಕು, ಇಲ್ಲವೇ ಕಾಯಬೇಕು.

ಇಲ್ಲಿ ನನಗೆ ಹೊಳೆದದ್ದು ಇದು. ಇಂಪ್ಲಾಂಟ್ ಹಾಕುವ ನಿರ್ಧಾರ ಹಲ್ಲು ಕೀಳುವ ಮೊದಲೇ ಆಗಬೇಕು. ಕೀಳುವ ರೀತಿಯೇ ಅದಕ್ಕೆ ತಕ್ಕಂತೆ ಬದಲಾಗುತ್ತದೆ. "ಮೊದಲು ಕಿತ್ತುಬಿಡೋಣ, ಆಮೇಲೆ ನೋಡೋಣ" ಎಂದರೆ ನೋಡುವುದಕ್ಕೆ ಬದು ಉಳಿದಿರದು.

ಸವೆಯುವ ಎಲುಬು

ಹಲ್ಲಿಗಾಗಿ ಇರುವ ಎಲುಬು ಹಲ್ಲು ಹೋದ ಮೇಲೆ ಸವೆಯುತ್ತದೆ. ಡೆನ್ಮಾರ್ಕಿನ ಸಂಶೋಧಕರು ಹಿಂದಿನ ಸಾಲಿನ ಹಲ್ಲು ಕಿತ್ತ ಜನರನ್ನು ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಜಾಗದ ಅಗಲ 12 ತಿಂಗಳಲ್ಲಿ ಸುಮಾರು ಅರ್ಧ ಕಡಿಮೆಯಾಯಿತು. ಅದರಲ್ಲಿ ಮೂರನೇ ಎರಡು ಭಾಗ ಮೊದಲ ಮೂರು ತಿಂಗಳಲ್ಲೇ ಹೋಗಿತ್ತು. ಅವ್ವನ ದವಡೆಯಲ್ಲಿ ಆದದ್ದು ಅದೇ. ನಾವು ಗಾಯ ಮಾಯಿತು ಎಂದು ನೆಮ್ಮದಿಯಾಗಿದ್ದ ಆ ಮೂರು ತಿಂಗಳಲ್ಲೇ ಹೆಚ್ಚಿನ ನಷ್ಟ ಆಗಿಹೋಗಿತ್ತು.

ಹಾಗಂತ ಅದೇ ದಿನ ಇಂಪ್ಲಾಂಟ್ ಹಾಕಿದರೆ ಎಲುಬು ಸವೆಯುವುದೇ ಇಲ್ಲವೇ? ಮೊದಲಿಗೆ ಹಾಗೇ ನಂಬಿದ್ದರು. 2005ರಲ್ಲಿ ಅರೌಜೊ, ಲಿಂಡೆ ಮತ್ತು ಸಂಗಡಿಗರು ನಾಯಿಗಳ ಮೇಲೆ ಮಾಡಿದ ಪ್ರಯೋಗ ಅದನ್ನು ಸುಳ್ಳಾಗಿಸಿತು. ಇಂಪ್ಲಾಂಟ್ ಇದ್ದರೂ ಕೆನ್ನೆಯ ಕಡೆಯ ತೆಳು ಗೋಡೆ ಇಳಿಯುತ್ತದೆ. ಆದ್ದರಿಂದಲೇ ಸಂದಿಗೆ ಪುಡಿ ತುಂಬುವುದು, ಇಂಪ್ಲಾಂಟನ್ನು ಸ್ವಲ್ಪ ಆಳಕ್ಕೆ, ಒಳಗಡೆಗೆ ಕೂರಿಸುವುದು ರೂಢಿಗೆ ಬಂತು. ದವಡೆ ಹಲ್ಲಿನ ಜಾಗದಲ್ಲಿ ತಕ್ಷಣ ಕೂರಿಸಿದವುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಉಳಿದಿವೆ ಎಂದು ಪ್ರಕಟವಾದ ಸಮೀಕ್ಷೆಗಳು ಹೇಳುತ್ತವೆ. ಆದರೆ ಅವು ಆಯ್ದ ರೋಗಿಗಳ, ನುರಿತ ಕೈಗಳ ಲೆಕ್ಕ ಎನ್ನುವುದನ್ನು ಮರೆಯಬಾರದು.

ಅದೇ ಕಾಲದಲ್ಲಿ ನಮ್ಮ ಕಡೆ

ಈಗ ಈ ವರ್ಷಗಳ ಪಕ್ಕದಲ್ಲಿ ನಮ್ಮ ಜಿಲ್ಲೆಯ ವರ್ಷಗಳನ್ನು ಇಟ್ಟು ನೋಡೋಣ.

ಭಾರತದ ಮೊದಲ ದಂತ ಕಾಲೇಜನ್ನು 1920ರಲ್ಲಿ ಕೋಲ್ಕತ್ತದಲ್ಲಿ ಡಾ. ಆರ್. ಅಹ್ಮದ್ ಶುರು ಮಾಡಿದರು. ದಂತವೈದ್ಯರ ಕಾಯ್ದೆ ಬಂದದ್ದು 1948ರ ಮಾರ್ಚ್‌ನಲ್ಲಿ. ಯಾರು ಹಲ್ಲು ಕೀಳಬಹುದು, ಯಾರು ಕೀಳಬಾರದು ಎಂದು ದೇಶ ಕಾನೂನು ಮಾಡಿದಾಗ ಕೊಪ್ಪಳ ಇನ್ನೂ ಆ ದೇಶದಲ್ಲಿ ಇರಲಿಲ್ಲ. ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು, ಕೊಪ್ಪಳ ಸಾಲಾರ್ ಜಂಗರ ಜಹಗೀರು. ನಮಗೆ ಬಿಡುಗಡೆ ಸಿಕ್ಕಿದ್ದು ಅದೇ ವರ್ಷ ಸೆಪ್ಟೆಂಬರ್ 17ರಂದು.

ಬ್ರೋನೆಮಾರ್ಕ್ ಮೊಲದ ಎಲುಬು ನೋಡುತ್ತಿದ್ದಾಗ ನಾವು ರಾಯಚೂರು ಜಿಲ್ಲೆಯ ತಾಲ್ಲೂಕುಗಳು, ಹೈದರಾಬಾದ್ ರಾಜ್ಯದ ಅಂಚು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. 1958ರಲ್ಲಿ ಬೆಂಗಳೂರಿಗೆ ಸರ್ಕಾರಿ ದಂತ ಕಾಲೇಜು ಬಂತು, 1965ರಲ್ಲಿ ಮಣಿಪಾಲಕ್ಕೆ. ಕುಷ್ಟಗಿಯಿಂದ ಎರಡೂ ದೂರ. 1986ರಲ್ಲಿ ಧಾರವಾಡದಲ್ಲಿ ಎಸ್‌ಡಿಎಂ ದಂತ ಕಾಲೇಜು ಶುರುವಾಯಿತು. ರಾಯಚೂರಿನಲ್ಲಿ ಖಾಸಗಿ ಕಾಲೇಜುಗಳು, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜು ಆಮೇಲೆ ಬಂದವು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟರಲ್ಲಿ ಲಜ್ಜಾರಾ ಅವರ ಲೇಖನಕ್ಕೆ ಎಂಟು ವರ್ಷ ವಯಸ್ಸಾಗಿತ್ತು.

ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ವೃತ್ತಿ ಕಾಲೇಜುಗಳಲ್ಲಿ ಸೀಟು ಸಿಗುವುದು ಸುಲಭವಾಯಿತು. ಕೊಪ್ಪಳಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಇಂದು ಗಂಗಾವತಿ, ಕೊಪ್ಪಳದ ಮುಖ್ಯ ರಸ್ತೆಗಳಲ್ಲಿ ನಡೆದರೆ ದಂತ ಚಿಕಿತ್ಸಾಲಯದ ಬೋರ್ಡು ಕಾಣಲು ಹೆಚ್ಚು ಹೊತ್ತು ಬೇಡ. ಕೆಲವು ಬೋರ್ಡಿನಲ್ಲಿ "ಇಂಪ್ಲಾಂಟ್" ಎಂದು ಬರೆದಿರುತ್ತದೆ. ಅಂದರೆ ಜಗತ್ತಿನ ವಿದ್ಯೆ ನಮ್ಮ ರಸ್ತೆಗೆ ಬಂದಿದೆ.

ಆದರೆ ಸರ್ಕಾರದ ಲೆಕ್ಕ ಇನ್ನೂ ಹಲ್ಲು ಹೋದ ಮೇಲೆಯೇ ಶುರುವಾಗುತ್ತದೆ. 2014ರ ಹೊತ್ತಿಗೆ ಬಂದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತವಾಗಿ ಕಟ್ಟಿದ ಹಲ್ಲಿನ ಸೆಟ್ ಕೊಡುವಂಥದ್ದು. ಒಳ್ಳೆಯ ಯೋಜನೆ. ಬಾಯಲ್ಲಿ ಹಲ್ಲೇ ಇಲ್ಲದ ಅಜ್ಜ ಮತ್ತೆ ರೊಟ್ಟಿ ತಿಂದರೆ ಅದು ಸಣ್ಣ ಮಾತಲ್ಲ. ಆದರೆ ಒಂದೊಂದೇ ದವಡೆ ಹಲ್ಲು ಕಳೆದುಕೊಳ್ಳುವ 40ರ ಆಸುಪಾಸಿನ ರೈತ, ಕೂಲಿ ಹೆಂಗಸು, ಲಾರಿ ಡ್ರೈವರ್ ಯಾವ ಭಾಗ್ಯದಲ್ಲೂ ಇಲ್ಲ. ಅವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸುಲಭಕ್ಕೆ ಸಿಗುವುದು ಕೀಳಿಸಿಕೊಳ್ಳುವುದೊಂದೇ.

ನೀರು ಮತ್ತು ಗುಟ್ಕಾ

ನಮ್ಮ ಹಲ್ಲಿನ ಚರಿತ್ರೆ ಬರೆಯುವಾಗ ನೀರನ್ನು ಬಿಡಲಾಗದು. ಯಲಬುರ್ಗಾ, ಕುಷ್ಟಗಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದಿದ್ದರೆ 1.5 ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ. ಈ ರೋಗ ನಮ್ಮ ದೇಶದಲ್ಲಿದೆ ಎಂದು ವೈದ್ಯರು ಮೊದಲು ವಿವರವಾಗಿ ಬರೆದದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯಿಂದ. ಹಲ್ಲು ಮೂಡುವ ವಯಸ್ಸಿನಲ್ಲಿ ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಜಾಸ್ತಿಯಾದರೆ ಮೇಲ್ಪದರ ಕುಳಿ ಬಿದ್ದು ಚಕ್ಕೆ ಏಳುತ್ತದೆ. ಇದು ತಿಕ್ಕದೆ ಬಂದ ಕೊಳೆಯಲ್ಲ, ತಿಕ್ಕಿದರೆ ಹೋಗುವುದೂ ಇಲ್ಲ. ಶಾಲೆಯಲ್ಲಿ ಹಳದಿ ಹಲ್ಲಿನವನು ಎಂದು ಅನ್ನಿಸಿಕೊಂಡ ಹುಡುಗರಲ್ಲಿ ನಾನೂ ಒಬ್ಬ. ಚಿಕ್ಕಂದಿನಿಂದ ಹಲ್ಲಿನ ಬಗ್ಗೆ ನಾಚಿಕೆ ಕಲಿತ ಮಂದಿ ದಂತವೈದ್ಯರ ಮುಂದೆ ಬಾಯಿ ತೆರೆಯುವುದು ತಡ. ನೋವು ತಡೆಯಲಾರದಾದಾಗಲೇ ಹೋಗುತ್ತಾರೆ. ಆಗ ಉಳಿಸುವ ಮಾತಿರುವುದಿಲ್ಲ.

ಇನ್ನೊಂದು ಗುಟ್ಕಾ. ರಾಜ್ಯದಲ್ಲಿ 2013ರಲ್ಲಿ ನಿಷೇಧವಾಯಿತು, ಅಡಿಕೆ ಮತ್ತು ತಂಬಾಕು ಬೇರೆ ಬೇರೆ ಪಾಕೀಟಾಗಿ ಮತ್ತೆ ಪಾನ್ ಅಂಗಡಿಗೆ ಬಂದವು. ಅಡಿಕೆ ಅಗಿದು ಅಗಿದು ಕೆನ್ನೆಯ ಒಳಪದರ ಗಟ್ಟಿಯಾದರೆ ಬಾಯಿ ಪೂರ್ತಿ ತೆರೆಯುವುದಿಲ್ಲ. ದವಡೆಯ ಹಿಂದಿನ ಹಲ್ಲಿಗೆ ಕೊರೆಯುವ ಉಪಕರಣ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಬೀಡಿ, ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದವರಲ್ಲಿ ಎಲುಬು ಲೋಹವನ್ನು ಹಿಡಿಯುವುದು ಕಷ್ಟ. ಅಂದರೆ ಈ ವಿದ್ಯೆ ಯಾರಿಗೆ ಹೆಚ್ಚು ಬೇಕಾಗಿದೆಯೋ ಅವರ ಬಾಯೇ ಅದಕ್ಕೆ ಸಿದ್ಧವಿಲ್ಲದ ಸ್ಥಿತಿಯಲ್ಲಿರುತ್ತದೆ.

ತಮ್ಮನ ಹಲ್ಲು

ಈ ವರ್ಷ ಬೇಸಿಗೆಯಲ್ಲಿ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವ ನನ್ನ ತಮ್ಮನಿಗೆ ಕೆಳದವಡೆಯ ಹಲ್ಲು ಸೀಳಿತು. ಆರನೇ ವರ್ಷಕ್ಕೆ ಬಂದು ಬಾಯಿಯ ಅರ್ಧ ಕೆಲಸ ಮಾಡುವ ಅದೇ ಹಲ್ಲು, ಅವ್ವ ಕಳೆದುಕೊಂಡದ್ದೇ. "ಅಣ್ಣಾ, ಕಿತ್ತಿಸ್ಕೊಂಡ್ ಬರ್ತೀನಿ" ಎಂದು ಫೋನು ಮಾಡಿದ. "ಒಂದ್ ದಿನ ತಡಿ, ನಾನೂ ಬರ್ತೀನಿ" ಎಂದೆ.

ದಂತವೈದ್ಯರ ಮುಂದೆ ನಾಲ್ಕು ಪ್ರಶ್ನೆ ಇಟ್ಟೆ. ರೂಟ್ ಕೆನಾಲ್ ಮಾಡಿ ಉಳಿಸಲು ಆಗುವುದೇ ಇಲ್ಲವೇ? ಕೀಳುವುದಾದರೆ ಬೇರೆ ಬೇರೆಯಾಗಿ ತುಂಡು ಮಾಡಿ ಎಲುಬು ಉಳಿಸಿ ಕೀಳಬಹುದೇ? ಇವತ್ತೇ ಇಂಪ್ಲಾಂಟ್ ಕೂರಿಸಲು ಆಗುವಷ್ಟು ಬದು ಇದೆಯೇ? ಇಲ್ಲದಿದ್ದರೆ ಯಾವಾಗ ಬರಬೇಕು?

ಅವರು ಬೇಸರ ಮಾಡಿಕೊಳ್ಳಲಿಲ್ಲ. ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಸೀಳು ಬೇರಿನವರೆಗೆ ಇಳಿದಿತ್ತು, ಉಳಿಸುವ ಹಾಗಿರಲಿಲ್ಲ. ಬುಡದಲ್ಲಿ ಕೀವು ಇತ್ತು, ತಮ್ಮನಿಗೆ ಗುಟ್ಕಾ ಚಟವೂ ಇತ್ತು. "ಇವತ್ತೇ ಹಾಕಿದರೆ ನನಗೆ ಧೈರ್ಯ ಇಲ್ಲ. ಎಲುಬು ಉಳಿಸಿ ಕೀಳ್ತೀನಿ. ಎಂಟು ವಾರ ಬಿಟ್ಟು ಬಾ, ಅಷ್ಟರಲ್ಲಿ ಗುಟ್ಕಾ ಬಿಡು. ಹಾಕಿದ ಮೇಲೂ ಕ್ಯಾಪ್ ಹಾಕೋಕೆ ಮೂರು ತಿಂಗಳು ಕಾಯಬೇಕು" ಎಂದರು.

ಅಂದರೆ ತಮ್ಮನಿಗೆ ಸಿಕ್ಕಿದ್ದು ಆ ನಾಲ್ಕರಲ್ಲಿ ಎರಡನೆಯದು. ತಕ್ಷಣದ ವಿಧಾನ ಎಲ್ಲರಿಗೂ ಅಲ್ಲ. ಕೀವು, ಚಟ, ತೆಳು ಎಲುಬು ಇದ್ದಲ್ಲಿ ಕಾಯಿಸುವ ವೈದ್ಯರೇ ಒಳ್ಳೆಯ ವೈದ್ಯರು. "ಒಂದೇ ದಿನದಲ್ಲಿ ಹಲ್ಲು" ಎಂದು ಎಲ್ಲಾದರೂ ಬರೆದಿದ್ದರೆ ಕೇಳಿ ತಿಳಿದುಕೊಳ್ಳಬೇಕು: ಒಂದೇ ದಿನದಲ್ಲಿ ಕೂರುವುದು ಬೇರು. ದವಡೆಯಲ್ಲಿ ಅಗಿಯುವ ಹಲ್ಲು ಬರಲು ಸಾಮಾನ್ಯವಾಗಿ ತಿಂಗಳುಗಳು ಬೇಕು.

ಎಂಟು ವಾರಕ್ಕೆ ತಮ್ಮ ಹೋದ. ಮಿಲ್ಲಿನಲ್ಲಿ ಮುಂಗಡ ತೆಗೆದುಕೊಂಡು, ನನ್ನ ಹತ್ತಿರ ಸ್ವಲ್ಪ ಸಾಲ ಮಾಡಿ ಇಂಪ್ಲಾಂಟ್ ಹಾಕಿಸಿಕೊಂಡ. ಗುಟ್ಕಾ ಬಿಟ್ಟಿದ್ದೇನೆ ಎನ್ನುತ್ತಾನೆ, ನಂಬುತ್ತೇನೆ. ಎಲ್ಲರ ಕೈಯಲ್ಲೂ ಇಷ್ಟು ಆಗುವುದಿಲ್ಲ ಎಂದು ಗೊತ್ತಿದೆ. ಆದರೆ ಕೇಳುವುದಕ್ಕೆ ದುಡ್ಡು ಬೇಡ. ಎಲುಬು ಉಳಿಸಿ ಕಿತ್ತರೆ, ಇವತ್ತು ದುಡ್ಡಿಲ್ಲದವನಿಗೂ ನಾಳೆಯ ದಾರಿ ಸ್ವಲ್ಪ ತೆರೆದಿರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲು ಕೀಳುವ ಕುರ್ಚಿಯ ಪಕ್ಕ, ಕೀಳುವ ಮೊದಲು ಕೇಳಬೇಕಾದ ಈ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಅಂಟಿಸಲು ಒಂದು ಹಾಳೆ ಸಾಕು.

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಮೊಲದ ಕತೆಗೆ ನಕ್ಕಳು. ಲಂಡನ್ನಿನ ಹುಡುಗನ ಹಲ್ಲಿನ ಕತೆಗೆ ಸುಮ್ಮನಾದಳು. ಕೊನೆಗೆ, "ನಂದ್ ಕಿತ್ ದಿನ ನೀ ಯಾಕ ಕೇಳ್ಲಿಲ್ಲ?" ಎಂದಳು. ಬೈಗುಳವಲ್ಲ, ಸುಮ್ಮನೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ರೊಟ್ಟಿ ಮುರಿದು ಎಡಗಡೆಗೆ ಇಟ್ಟುಕೊಂಡಳು.